ಉಬ್ಬದ ಹಿಟ್ಟು

ಸೇಡಂ
೨೦ ಜುಲೈ ೧೯೫೩

ಲತೀಫಾಬೇಗಂ ಅವರಿಗೆ,

ಇತ್ತ ಕ್ಷೇಮ ಎಂದು ಮೊದಲ ಸಾಲಿನಲ್ಲಿ ಬರೆಯುವುದು ರೂಢಿ. ಇಲ್ಲಿ ಕ್ಷೇಮವಿಲ್ಲ, ಆದ್ದರಿಂದ ಬರೆಯುವುದಿಲ್ಲ.

ನಾನು ಭಾಗಮ್ಮನ ತಂದೆ ಕಲ್ಯಾಣಪ್ಪ, ಸೇಡಂ ಶಾಲೆಯ ನಿವೃತ್ತ ಮಾಸ್ತರ. ವಾಡಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ ನನ್ನ ಮಗಳ ಮನೆಯ ಹಿಂದಿನ ಸಾಲಿನಲ್ಲಿ ನೀವು ಇದ್ದಿರಿ, ಡ್ರೈವರ್ ಸಾಹೇಬರ ಬಂಗಲೆಯಲ್ಲಿ ಅಡುಗೆ ಮಾಡುತ್ತಿದ್ದಿರಿ. ತವರಿಗೆ ಬಂದಾಗಲೆಲ್ಲ ಅವಳ ಬಾಯಲ್ಲಿ ನಿಮ್ಮ ಹೆಸರು. ಆ ಪರಿಚಯದ ಮೇಲೆ ಈ ಕಾಗದ.

ಬರುವ ಮಾರ್ಗಶಿರಕ್ಕೆ ಅವಳು ಹೋಗಿ ಮೂರು ವರ್ಷ. ವಾಡಿಯ ಹೊರಗಿನ ಫರಸಿಕಲ್ಲಿನ ಗಣಿಯಲ್ಲಿ ನಿಂತ ನೀರಿನಲ್ಲಿ ಸಿಕ್ಕಳು. ಪಂಚನಾಮೆ ಬರೆದ ಮಹಾಶಯರು, ಬೆಳಕು ಹರಿಯುವ ಹೊತ್ತಿಗೆ ಅಲ್ಲಿ ಅವಳಿಗೆ ಕೆಲಸವೇನೂ ಇರಲಿಲ್ಲ, ಮಕ್ಕಳಾಗದ ಹೆಂಗಸು ಮನಸ್ಸಿಗೆ ಹಚ್ಚಿಕೊಂಡಿದ್ದಳು, ಆದ್ದರಿಂದ ತಾನಾಗಿ ಹಾರಿದಳು ಎಂದು ಬರೆದು ರುಜು ಹಾಕಿದರು. ನಲವತ್ತು ವರ್ಷ ಮಕ್ಕಳಿಗೆ ತರ್ಕ ಕಲಿಸಿದ್ದೇನೆ. ನಾಲ್ಕನೆಯ ಇಯತ್ತೆಯ ಹುಡುಗ ಇಂಥ 'ಆದ್ದರಿಂದ' ಬರೆದಿದ್ದರೆ ಪಾಟಿ ಒರೆಸಿಸುತ್ತಿದ್ದೆ. ನಾಲ್ಕು ಅರ್ಜಿ ಕಳಿಸಿದೆ. ನಿಜಾಮರ ಕಾಲದಲ್ಲಿ ಉರ್ದುವಿನಲ್ಲಿ ಉತ್ತರ ಬರುತ್ತಿರಲಿಲ್ಲ, ಈಗ ಇಂಗ್ಲಿಷಿನಲ್ಲಿ ಬರುವುದಿಲ್ಲ. ಅಳಿಯ ಸೂಗಪ್ಪ ವರ್ಷ ತುಂಬುವುದರೊಳಗೆ ಮತ್ತೆ ಮದುವೆಯಾದ.

ಅದನ್ನು ಕೇಳಲು ಬರೆದಿಲ್ಲ. ನನ್ನ ಹೆಂಡತಿ ಗುರುದೇವಿಯ ಸಲುವಾಗಿ ಬರೆದಿದ್ದೇನೆ. ದೀಪ ಹಚ್ಚುವ ಹೊತ್ತಿಗೆ ಅವಳು ಬಾಗಿಲ ಕಡೆ ನೋಡಿ, "ಭಾಗಿ ಬಂದಾಳ್ರಿ. ಹಸದು ನಿಂತಾಳ. ಒಳಗ ಬಾ ಅಂದ್ರ ಬರವಲ್ಲಳು" ಎನ್ನುತ್ತಾಳೆ. ಯಾಕೆ ಬರುವುದಿಲ್ಲ ಎಂದರೆ, "ಎಡಿ ಹಾಕಿಲ್ಲಲ್ರಿ ಆಕಿಗಿ. ಹ್ಯಾಂಗ ಬರ್ತಾಳ?"

ಮಹಾನವಮಿ ಅಮಾವಾಸ್ಯೆಗೆ ನಮ್ಮಲ್ಲಿ ಸತ್ತ ಹಿರಿಯರ ಹೆಸರು ಹಿಡಿದು ಎಡೆ ಹಾಕುತ್ತೇವೆ. ನಮ್ಮ ಮನೆತನದ ಅಯ್ಯನವರು ರೇವಣಸಿದ್ದಯ್ಯ. ತನ್ನ ಜೀವ ತಾನೇ ಕಳೆದುಕೊಂಡವರಿಗೆ ಈ ಮನೆಯಲ್ಲಿ ಎಡೆ ಹಾಕಿಲ್ಲ, ಹಾಕುವುದಿಲ್ಲ ಎಂದು ಅವರು ಎರಡು ವರ್ಷದಿಂದ ಹೇಳುತ್ತಿದ್ದಾರೆ. ಕೊನೆಯ ಪಂಚಮಿಗೆ ಭಾಗಮ್ಮ ಒಂದು ತಗಡಿನ ಡಬ್ಬಿ ತುಂಬ ಡೋನಟ್ ಎಂಬ ತಿನಿಸು ತಂದಿದ್ದಳು. ಅವಳ ತಾಯಿ ಅದನ್ನು ಸಕ್ಕರೆ ಬಳೆ ಎನ್ನುತ್ತಿದ್ದಳು. ಎಡೆಯಲ್ಲಿ ಇಡಲಾಗದಿದ್ದರೆ ಹೊರಗಿನ ಕಟ್ಟೆಯ ಮೇಲಾದರೂ ಅದನ್ನು ಇಡುತ್ತೇನೆ ಎಂದು ಹಟ ಹಿಡಿದಿದ್ದಾಳೆ. ನೀವೇ ಕಲಿಸಿದ್ದಂತೆ. ಮಾಡುವ ರೀತಿ ಬರೆದು ಕಳಿಸಿರಿ.

ನಾನು ದೆವ್ವ ನಂಬುವವನಲ್ಲ. ಆದರೆ ಈಚೆಗೆ ಸಂಜೆ ಹೊತ್ತು ಬಾಗಿಲಿಗೆ ಬೆನ್ನು ಮಾಡಿ ಕೂಡುತ್ತೇನೆ.

ಕಲ್ಯಾಣಪ್ಪ


ವಾಡಿ
೨ ಆಗಸ್ಟ್ ೧೯೫೩

ಮಾಸ್ತರ್ ಸಾಹೇಬರಿಗೆ ಲತೀಫಾ ಮಾಡುವ ಸಲಾಂ.

ನನಗೆ ಕನ್ನಡ ಬರೆಯಲು ಬರುವುದಿಲ್ಲ. ಗೂಡ್ಸ್ ಆಫೀಸಿನ ಗುರುರಾಜರಾಯರು ದೊಡ್ಡ ಮನಸ್ಸು ಮಾಡಿ ಬರೆದುಕೊಡುತ್ತಿದ್ದಾರೆ.

ಭಾಗಿಯ ಹೆಸರು ಇರುವ ಸಾಲನ್ನು ರಾಯರಿಂದ ಎರಡು ಸಲ ಓದಿಸಿ ಕೇಳಿದೆ. ತಾಯಿಯವರಿಗೆ ಅಲ್ಲಾಹ್ ಸಬೂರಿ ಕೊಡಲಿ.

ಡೋನಟ್ ಮಾಡುವುದು ಹೀಗೆ. ಮೈದಾ ಸೋಸಿಕೊಳ್ಳಿ. ಉಗುರುಬೆಚ್ಚಗಿನ ಹಾಲಿಗೆ ಸಕ್ಕರೆ, ಚಿಟಿಕೆ ಉಪ್ಪು, ಕರಗಿದ ತುಪ್ಪ ಹಾಕಿ ಅದರಲ್ಲಿ ಹಿಟ್ಟು ಕಲೆಸಬೇಕು. ಎರಡು ಚಮಚ ಹುಳಿ ಮೊಸರು ಸೇರಿಸಿ. ಬಂಗಲೆಯ ಮೇಮ್‌ಸಾಹೇಬರು ಮೊಟ್ಟೆ ಹಾಕುತ್ತಿದ್ದರು. ಭಾಗಿ ಹಾಕುತ್ತಿರಲಿಲ್ಲ, ಅವಳ ಪಾತ್ರೆಯೂ ಬೇರೆ ಇತ್ತು. ಹಿಟ್ಟನ್ನು ಕಿವಿಯ ತುದಿಯಷ್ಟು ಮೆತ್ತಗಾಗುವವರೆಗೆ ನಾದಿ, ಒದ್ದೆ ಬಟ್ಟೆ ಮುಚ್ಚಿ, ಒಲೆಯ ಪಕ್ಕದ ಬೆಚ್ಚಗಿನ ಜಾಗದಲ್ಲಿ ಇಡಿ. ಉಬ್ಬಿ ಎರಡರಷ್ಟಾದ ಮೇಲೆ ಮುಷ್ಟಿಯಿಂದ ಒತ್ತಿ ಗಾಳಿ ತೆಗೆಯಿರಿ. ಬೆರಳಿನಷ್ಟು ದಪ್ಪ ಲಟ್ಟಿಸಿ, ಲೋಟದ ಬಾಯಿಂದ ಕತ್ತರಿಸಿ, ನಡುವೆ ಅತ್ತರಿನ ಶೀಶೆಯ ಮುಚ್ಚಳದಿಂದ ತೂತು ಮಾಡಿ. ಮತ್ತೆ ಉಬ್ಬಲು ಬಿಡಿ. ಅವಸರ ಕೂಡದು. ಶೇಂಗಾ ಎಣ್ಣೆಯನ್ನು ಹದವಾಗಿ ಕಾಯಿಸಿ ಎರಡೂ ಕಡೆ ಕೆಂಪಗೆ ಕರಿಯಿರಿ. ಬಿಸಿ ಇರುವಾಗಲೇ ಸಕ್ಕರೆ ಪಾಕದಲ್ಲಿ ಅದ್ದಿ, ಕಡ್ಡಿಗೆ ಪೋಣಿಸಿ ತೂಗಿಬಿಡಿ. ಪಾಕ ಆರಿದರೆ ಗಾಜಿನ ಬಳೆಯ ಹಾಗೆ ಹೊಳೆಯುತ್ತದೆ.

ಅವಳ ಬೇರೆ ಸಂಗತಿ ನನಗೆ ಏನೂ ಗೊತ್ತಿಲ್ಲ.

ಲತೀಫಾ

ಬರೆದವನ ಒಂದು ಮಾತು: ನಿಮ್ಮ ಅಳಿಯ ಸೂಗಪ್ಪನವರು ನನ್ನ ಮಗ್ಗುಲ ಮೇಜಿನವರು. ಕ್ಷೇಮವಾಗಿದ್ದಾರೆ. ಈ ಕಾಗದದ ಸಂಗತಿ ಅವರಿಗೂ ಹೇಳಿದೆ. — ಗುರುರಾಜ


ಸೇಡಂ
೧೭ ಆಗಸ್ಟ್ ೧೯೫೩

ಲತೀಫಾಬೇಗಂ ಅವರಿಗೆ,

ಅಳಿಯನ ಕ್ಷೇಮ ನಾನು ಕೇಳಿರಲಿಲ್ಲ. ಆ ಗುಮಾಸ್ತರಿಗೆ ಹೇಳಿರಿ.

ಪಂಚಮಿಯ ದಿನ ನಿಮ್ಮ ಕಾಗದವನ್ನು ಒಲೆಯ ಗೋಡೆಗೆ ಅಂಟಿಸಿ ಅಕ್ಷರ ಬಿಡದೆ ಮಾಡಿದೆವು. ಮಾಡಿದೆವು ಎಂದರೆ ನಾನೇ ಮಾಡಿದೆ. ಗುರುದೇವಿ ಬಾಗಿಲ ಹತ್ತಿರ ಕುಳಿತು ಹೇಳುತ್ತಿದ್ದಳು. ನಾನು ಜನ್ಮದಲ್ಲಿ ಒಲೆ ಊದಿದವನಲ್ಲ. ಮೈದಾ ಹಿಡಿದು ತಂದದ್ದೇ ಒಂದು ಕಥೆ. ಸ್ವತಂತ್ರ ದೇಶದಲ್ಲಿ ಒಂದಿಷ್ಟು ಬಿಳಿ ಹಿಟ್ಟಿಗೆ ಒಬ್ಬ ನಾಗರಿಕ ಎಷ್ಟು ಜನರಿಗೆ ಕೈ ಮುಗಿಯಬೇಕು ಎಂಬುದನ್ನು ಪತ್ರಿಕೆಗೆ ಬೇರೆಯಾಗಿ ಬರೆದಿದ್ದೇನೆ.

ಹಿಟ್ಟು ಉಬ್ಬಲಿಲ್ಲ. ಹೊತ್ತು ಏರಿತು, ಇಳಿಯಿತು, ಹಿಟ್ಟು ಇದ್ದಲ್ಲೇ ಇತ್ತು. ಒದ್ದೆ ಬಟ್ಟೆಯ ಕೆಳಗೆ ಅದು ಮಲಗಿದ್ದ ರೀತಿ ನನಗೆ ಸೇರಲಿಲ್ಲ. ಗುರುದೇವಿ ಮೇಲಿಂದ ಮೇಲೆ ಬಂದು ಬಟ್ಟೆ ಎತ್ತಿ ನೋಡಿ, "ಉಸಿರಿಲ್ರಿ ಇದಕ್ಕ" ಎಂದು ಮತ್ತೆ ಮುಚ್ಚಿದಳು. ಕೊನೆಗೆ ಹಾಗೇ ಕರಿದೆ. ಶಹಾಬಾದಿನ ಕಲ್ಲಿಗೆ ಪಾಕ ಹಚ್ಚಿದಂತೆ ಆಯಿತು. ನೆರೆಮನೆಯ ಅಂಬಾರಾಯ ಒಂದನ್ನು ಕಚ್ಚಿ, "ಮಾಸ್ತರ್, ಇದು ತಿನ್ನೂದೋ, ಮನಿಗಿ ಹಾಸೂದೋ?" ಎಂದ. ಗುರುದೇವಿ ನಗಲಿಲ್ಲ. ತುಟಿಗೆ ತಾಗಿಸಿ ಇಟ್ಟುಬಿಟ್ಟಳು. "ಇದು ಆಕಿ ತಂದದ್ದಲ್ಲ. ಇದನ್ನ ಇಟ್ರ ಆಕಿಗಿ ನಮ್ಮ ಮನಿ ಗುರ್ತು ಹತ್ತಂಗಿಲ್ಲ."

ನೀವು ಏನನ್ನೋ ಬರೆಯಲು ಮರೆತಿದ್ದೀರಿ. ದಯವಿಟ್ಟು ನೆನಪು ಮಾಡಿಕೊಳ್ಳಿರಿ.

ಕಲ್ಯಾಣಪ್ಪ


ವಾಡಿ
೨೯ ಆಗಸ್ಟ್ ೧೯೫೩

ಮಾಸ್ತರ್ ಸಾಹೇಬರಿಗೆ ಸಲಾಂ.

ನಿಮ್ಮ ಊರಿನ ನೀರು ಬೇರೆ ಇರಬೇಕು. ಮೊಸರು ಇನ್ನೂ ಹುಳಿಯಾಗಿರಲಿ. ಒಂದು ಚಿಟಿಕೆ ಅಡುಗೆ ಸೋಡಾ ಹಾಕಿ ನೋಡಿ. ಅದರಿಂದಲೂ ಆಗದಿದ್ದರೆ ಬಿಟ್ಟುಬಿಡಿ. ಗೋಧಿಹಿಟ್ಟು, ಬೆಲ್ಲ ಹಾಕಿ ಗುಲ್‌ಗುಲೆ ಮಾಡಿಸಿ. ಭಾಗಿ ಅದನ್ನೂ ಇಷ್ಟಪಟ್ಟು ತಿನ್ನುತ್ತಿದ್ದಳು.

ಮೇಮ್‌ಸಾಹೇಬರು ವಿಲಾಯತಿಗೆ ಹೋದ ಮೇಲೆ ನಾನೂ ಡೋನಟ್ ಮಾಡಿಲ್ಲ. ನೆನಪು ಸರಿಯಾಗಿ ಉಳಿದಿಲ್ಲ. ನನ್ನ ಮೇಲೆ ಸಿಟ್ಟಾಗಬೇಡಿ.

ಲತೀಫಾ

ಬರೆದದ್ದು ಗುರುರಾಜ. ಸೂಗಪ್ಪನವರ ಮಾತು: ಹಳೆಯದನ್ನು ಕೆದಕಿ ಪ್ರಯೋಜನವಿಲ್ಲ.


ಸೇಡಂ
೯ ಸೆಪ್ಟೆಂಬರ್ ೧೯೫೩

ಲತೀಫಾಬೇಗಂ ಅವರಿಗೆ,

ಈ ಕಾಗದದಲ್ಲಿ ಸೌಜನ್ಯ ಹುಡುಕಬೇಡಿ.

ಸೋಡಾ ಹಾಕಿ ಮಾಡಿದೆ. ಸಾಬೂನಿನ ರುಚಿ ಬಂತು. ಆಮೇಲೆ ಚಿಂಚೋಳಿಯ ಡಾಕ್ಟರರಿಂದ ಒಂದು ಇಂಗ್ಲಿಷ್ ಗೃಹಪುಸ್ತಕ ತರಿಸಿ ಓದಿದೆ. ಡೋನಟ್ ಉಬ್ಬುವುದು ಮೊಸರಿನಿಂದಲ್ಲ, ನೀರಿನಿಂದಲ್ಲ, ಖಮೀರಿನಿಂದ. ಖಮೀರು ಎಂದರೆ ಜೀವವಿರುವ ವಸ್ತು, ಅದು ಹಿಟ್ಟನ್ನು ತಿಂದು ಉಸಿರು ಬಿಡುತ್ತದೆ ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿದೆ. ನಿಮ್ಮ ಎರಡು ಕಾಗದದಲ್ಲಿ ಖಮೀರಿನ ಸೊಲ್ಲೇ ಇಲ್ಲ. ಇದು ಮರೆವಲ್ಲ. ಉಪ್ಪಿನ ಚಿಟಿಕೆ ನೆನಪಿದೆ, ಅತ್ತರಿನ ಮುಚ್ಚಳ ನೆನಪಿದೆ, ಮುಖ್ಯವಾದದ್ದು ಮಾತ್ರ ನೆನಪಿಲ್ಲವೆ? ಅಡುಗೆಯವರು ತಮ್ಮ ಕೈಗುಣ ಇನ್ನೊಬ್ಬರಿಗೆ ಹೋಗದಿರಲಿ ಎಂದು ಒಂದು ಸಾಮಾನು ಮುಚ್ಚಿಡುತ್ತಾರೆಂದು ಕೇಳಿದ್ದೆ. ಮಗಳನ್ನು ಕಳೆದುಕೊಂಡ ತಾಯಿಯ ಮುಂದೆಯೂ ಮುಚ್ಚಿಡುವವರು ಇದ್ದಾರೆಂದು ನಿಮ್ಮಿಂದ ತಿಳಿಯಿತು.

ಗುರುದೇವಿ ಊಟ ಬಿಟ್ಟಿದ್ದಾಳೆ. ಅಂಬಲಿ ಬಾಯಿಗೆ ಹಿಡಿದರೆ, "ಆಕಿ ಹೊರಗ ಹಸದು ನಿಂತಾಳ, ನನಗ ಒಳಗ ಹ್ಯಾಂಗ ಇಳೀತದ?" ಎನ್ನುತ್ತಾಳೆ. ವೈದ್ಯರು ನಾಡಿ ಹಿಡಿದು ನನ್ನನ್ನು ಹೊರಗೆ ಕರೆದು, ಅಮಾವಾಸ್ಯೆ ದಾಟುವುದು ಕಷ್ಟ ಎಂದರು. ನಿನ್ನೆ ಸಂಜೆ ನಾನೂ ತಿರುಗಿ ನೋಡಿದೆ. ಬಾಗಿಲಲ್ಲಿ ಯಾರೂ ಇರಲಿಲ್ಲ. ಆದರೆ ಇರಲಿಲ್ಲ ಎಂದು ಗುರುದೇವಿಗೆ ಹೇಳಲು ನನಗೆ ಬಾಯಿ ಬರಲಿಲ್ಲ.

ನಿಮಗೆ ಬೇರೆ ಏನೋ ಗೊತ್ತಿದೆ. ನಾನು ಕೇಳದೆ ಇರುವಾಗಲೇ 'ಅವಳ ಬೇರೆ ಸಂಗತಿ ಗೊತ್ತಿಲ್ಲ' ಎಂದು ಮೊದಲ ಕಾಗದದಲ್ಲಿ ಬರೆಸಿದ್ದೀರಿ. ಕೇಳದ ಪ್ರಶ್ನೆಗೆ ಯಾರು ಉತ್ತರ ಕೊಡುತ್ತಾರೆ ಎಂಬುದು ಮಾಸ್ತರನಿಗೆ ಗೊತ್ತಿರುತ್ತದೆ. ಈಗ ಕೇಳುತ್ತಿದ್ದೇನೆ. ನನ್ನ ಮಗಳು ಹಾರಿದಳೇ?

ಕಲ್ಯಾಣಪ್ಪ


ಶಹಾಬಾದ
೨೦ ಸೆಪ್ಟೆಂಬರ್ ೧೯೫೩

ಮಾಸ್ತರ್ ಸಾಹೇಬ್,

ಈ ಅಕ್ಷರ ಬೇರೆ ಇರುವುದು ಕಂಡಿರಬಹುದು. ನನ್ನ ತಂಗಿಯ ಮಗಳು ನಜಮುನ್ನೀಸಾ ಇಲ್ಲಿ ಹೆಣ್ಣುಮಕ್ಕಳ ಶಾಲೆಯಲ್ಲಿ ಟೀಚರ್. ಅವಳ ಹತ್ತಿರ ಬರೆಸಲು ರೈಲು ಹತ್ತಿ ಬಂದಿದ್ದೇನೆ. ಗುರುರಾಜರಾಯರು ಒಳ್ಳೆಯವರೇ. ಆದರೆ ಅವರ ಕೈಗೆ ಹೇಳಿದ್ದು ಸೂಗಪ್ಪನ ತಾಯಿಯ ಕಿವಿಗೆ ಹೇಳಿದಂತೆ.

ಖಮೀರು ಸೇಂದಿಯದು. ಈಚಲ ಮರದ ಸೇಂದಿ, ಮುಂಜಾನೆ ಇಳಿಸಿದ್ದು, ನೊರೆ ಇರುವಾಗಲೇ. ಮೊದಲು ಮೇಮ್‌ಸಾಹೇಬರಿಗೆ ಡಬ್ಬಿಯಲ್ಲಿ ಖಮೀರು ಬರುತ್ತಿತ್ತು. ಲಡಾಯಿಯ ಕಾಲಕ್ಕೆ ಅದು ನಿಂತಾಗ ಇಲ್ಲಿನ ಬೇಕರಿಯವರನ್ನು ಕೇಳಿ ನಾವು ಸೇಂದಿ ಹಿಡಿದೆವು. ಅದು ಹಿಟ್ಟಿಗೆ ಉಸಿರು ಕೊಡುತ್ತದೆ, ಅಷ್ಟೇ. ಎಣ್ಣೆಗೆ ಬಿದ್ದ ಮೇಲೆ ವಾಸನೆಯೂ ಉಳಿಯುವುದಿಲ್ಲ, ನಶೆಯೂ ಉಳಿಯುವುದಿಲ್ಲ. ಅರ್ಧ ಬಟ್ಟಲು ಸಾಕು.

ಇದನ್ನು ನಿಮಗೆ ಹೇಗೆ ಬರೆಸಲಿ? ನಿಮ್ಮ ಸುದ್ದಿ ಭಾಗಿ ದಿನಾ ಹೇಳುತ್ತಿದ್ದಳು. "ನಮ್ಮಪ್ಪ ಸೇಂದಿ ಅಂಗಡಿ ಮುಂದ ಹಾಯೂದಿಲ್ಲಕ್ಕ, ಊರ ಸುತ್ತಿ ಹೋಗ್ತಾನ. ಅಂಗಡಿ ಎಬ್ಬಸ್ರಿ ಅಂತ ಹೈದ್ರಾಬಾದಿನ ತನಕ ಅರ್ಜಿ ಬರದಾನ." ಪಂಚಮಿ ಮುಗಿಸಿ ಬಂದಾಗ ನಾನು, "ಅಪ್ಪ ಡೋನಟ್ ತಿಂದ್ರೇನ ಭಾಗಿ?" ಎಂದೆ. ಸೆರಗು ಬಾಯಿಗೆ ಹಿಡಿದು ನಕ್ಕಳು. "ನಾಕ ತಿಂದಾನ. ಭಾಳ ಚಲೋ ಅದ ಅಂದಾನ. ಯಾತರಿಂದ ಉಬ್ಬ್ಯದ ಅಂತ ಕೇಳಿಲ್ಲ, ನಾ ಹೇಳಿಲ್ಲ."

ಸೇಂದಿ ಯಾವಾಗಲೂ ನಾನೇ ತರುತ್ತಿದ್ದೆ. ಈಚಲ ಬನ ಗಣಿಯ ಆಚೆ ಕಡೆ ಇದೆ. ಆ ದಿನ ನನಗೆ ಜ್ವರ. ಮರುದಿನದ ಪ್ಯಾಸೆಂಜರಿಗೆ ಅವಳು ಎಳ್ಳಮಾವಾಸ್ಯೆಗೆಂದು ನಿಮ್ಮಲ್ಲಿಗೆ ಬರುವವಳು, ಡಬ್ಬಿ ತುಂಬಿಸಿಕೊಂಡು ಬರಬೇಕೆಂಬ ಆಸೆ. "ನೀ ಮಕ್ಕೋ ಲತೀಫಕ್ಕ, ನಾನೇ ಹೋಗ್ತೀನಿ. ಮುಸುಕು ಹಾಕೊಂಡ್ರ ಯಾರಿಗಿ ಗೊತ್ತಾಗ್ತದ?" ಎಂದು ನನ್ನ ಗಡಿಗೆ ತೆಗೆದುಕೊಂಡು ಹೋದಳು. ಮೈದಾ ಸೋಸಿ ಇಟ್ಟಿದ್ದಳು. ಸಕ್ಕರೆಯಲ್ಲಿನ ಕಸ ಆರಿಸಿ ಇಟ್ಟಿದ್ದಳು.

ಕೂಗು ಎದ್ದಾಗ ಜ್ವರದಲ್ಲೇ ಓಡಿದೆ. ನನಗಿಂತ ಮೊದಲು ಬಂದವರು ನೀರಿನ ಆ ಕಡೆ ಇದ್ದರು. ಈ ಕಡೆ ಫರಸಿಯ ಮೇಲೆ ಗಡಿಗೆ ನೆಟ್ಟಗೆ ಕೂತಿತ್ತು. ಬಾಯಿಗೆ ಬಟ್ಟೆ ಕಟ್ಟಿತ್ತು, ಸೇಂದಿ ತುಂಬಿತ್ತು. ನನಗೆ ಹೊಳೆದದ್ದು ಒಂದೇ. ಪೊಲೀಸರು ಬಂದರೆ ಇದನ್ನು ಬರೆದುಕೊಳ್ಳುತ್ತಾರೆ, ಕಲ್ಯಾಣಪ್ಪ ಮಾಸ್ತರರ ಮಗಳ ಹತ್ತಿರ ಸೇಂದಿಯ ಗಡಿಗೆ ಸಿಕ್ಕಿತು, ಕುಡಿದು ಬಿದ್ದಳು ಎಂದು ನಾಲ್ಕು ಊರು ಆಡುತ್ತದೆ. ಗಡಿಗೆ ಬುರ್ಖಾದ ಒಳಗೆ ಇಟ್ಟುಕೊಂಡು ಬಂದುಬಿಟ್ಟೆ. ಅವಳ ಮಾನ ಉಳಿಸಿದೆ ಎಂದು ಇಷ್ಟು ವರ್ಷ ತಿಳಿದಿದ್ದೆ.

ಅಲ್ಲಿ ಅವಳಿಗೆ ಏನು ಕೆಲಸವಿತ್ತು ಎಂದು ಪಂಚರು ಕೇಳಿದಾಗ ನಾನು ಅಲ್ಲೇ ನಿಂತಿದ್ದೆ. ಕೆಲಸವಿತ್ತು ಮಾಸ್ತರ್ ಸಾಹೇಬ್. ಆ ಕೆಲಸ ನನ್ನ ಮನೆಯ ಮೂಲೆಯಲ್ಲಿ ಬಚ್ಚಿಟ್ಟಿತ್ತು. ಎಡೆ ನಿಂತದ್ದು ಇದರಿಂದ ಎಂದು ನಿಮ್ಮ ಮೊದಲ ಕಾಗದ ಬರುವವರೆಗೆ ನನಗೆ ತಿಳಿದಿರಲಿಲ್ಲ. ತಿಳಿದ ಮೇಲೂ, ಸೇಂದಿಯ ಮಾತು ಕೇಳುವುದಕ್ಕಿಂತ ನಿಮಗೆ ಮಗಳು ಹಾರಿದಳೆಂಬುದೇ ಹಗುರ ಇರಬಹುದು ಎಂದುಕೊಂಡೆ.

ತಾಯಿಯವರಿಗೆ ಊಟ ಮಾಡಲು ಹೇಳಿ.

ಲತೀಫಾ


ಸೇಡಂ
೧೨ ಅಕ್ಟೋಬರ್ ೧೯೫೩

ತಂಗಿ ಲತೀಫಾ,

ಯಾವುದು ಹಗುರ, ಯಾವುದು ಭಾರ ಎಂದು ನನ್ನ ಪರವಾಗಿ ನೀವು ತೂಗಿದಿರಿ. ಅದಕ್ಕೆ ಸಿಟ್ಟು ಬಂತು, ಎರಡು ಕಾಗದ ಬರೆದು ಹರಿದೆ. ನಾನು ಎಂಥವನೆಂದು ನನ್ನ ಮಗಳೇ ನಿಮಗೆ ತಿಳಿಸಿದ್ದಳೋ ಅಂಥವನ ಬಗ್ಗೆ ನೀವು ಬೇರೆ ಹೇಗೆ ಲೆಕ್ಕ ಹಾಕಬಹುದಿತ್ತು? ಆದ್ದರಿಂದ ಇದು ಮೂರನೆಯದು.

ಅಮಾವಾಸ್ಯೆಯ ಬೆಳಿಗ್ಗೆ, ಸಂತೆಗೆ ಜನ ಹೋಗುವ ಹೊತ್ತಿನಲ್ಲಿ, ಹಿತ್ತಾಳೆಯ ಚೆಂಬು ಹಿಡಿದುಕೊಂಡು ಸೇಂದಿ ಅಂಗಡಿಗೆ ಹೋದೆ. ಮುಸುಕು ಹಾಕಲಿಲ್ಲ. ಅಂಗಡಿಯವನು ಎದ್ದು ನಿಂತ. "ಏನ್ರಿ ಮಾಸ್ತರ್, ಈ ಸಲ ಅರ್ಜಿ ತಂದೀರೋ, ಚೆಂಬು ತಂದೀರೋ?" ಕುಡಿಯುತ್ತ ಕುಳಿತವರಲ್ಲಿ ಇಬ್ಬರು ನನ್ನ ಹಳೆಯ ವಿದ್ಯಾರ್ಥಿಗಳು. ಗಾಬರಿಯಿಂದ ಬೆಂಚು ಬಿಟ್ಟು ಎದ್ದರು. "ಕುಂದ್ರಿ" ಎಂದೆ. "ಅರ್ಧ ಬಟ್ಟಲ ಸಾಕಪ. ನೊರಿ ಇರೂದು ಹಾಕು." ಅವನು ಹಾಕಿದ. "ನಿಮಗ ಬ್ಯಾನಿ ಏನರ ಅದೇನ್ರಿ?" ಎಂದು ಮೆಲ್ಲಗೆ ಕೇಳಿದ. ಅದೆ ಎಂದೆ.

ಹಿಟ್ಟು ಉಬ್ಬಿತು. ಗುರುದೇವಿ ಬಟ್ಟೆಯ ಮೇಲೆ ಅಂಗೈ ಇಟ್ಟುಕೊಂಡು ಕುಳಿತಿದ್ದಳು, ಕೂಸಿನ ಹೊಟ್ಟೆಯ ಮೇಲೆ ಇಡುವಂತೆ. ಬಟ್ಟೆ ಅವಳ ಕೈಯನ್ನು ನಿಧಾನವಾಗಿ ಮೇಲೆ ಎತ್ತಿತು. ನಾನು ಅದನ್ನು ನೋಡಿದೆ. "ಬಂದಳ್ರಿ" ಎಂದಳು. ನಾನು ಕತ್ತರಿಸಿ, ಮತ್ತೆ ಉಬ್ಬಲು ಬಿಟ್ಟು, ಕರಿದು, ಪಾಕದಲ್ಲಿ ಅದ್ದಿ, ಕಡ್ಡಿಗೆ ಪೋಣಿಸಿದೆ. ಎರಡು ಸುಟ್ಟವು. ಉಳಿದವು ಅವಳ ಡಬ್ಬಿಯಲ್ಲಿ ಇದ್ದಂಥವೇ.

ಎಡೆಗೆ ರೇವಣಸಿದ್ದಯ್ಯನವರು ಬಂದರು, ನಮ್ಮ ದಾಯಾದಿ ಭಾವಬಂದರು ಬಂದರು. ಹೆಸರು ಹಿಡಿದು ಹಿರಿಯರಿಗೆ ಬಾಳೆಲೆ ಹಾಕಿ ಮುಗಿಸಿದಾಗ ನಾನು ಕೊನೆಯಲ್ಲಿ ಒಂದು ಎಲೆ ಹಾಸಿದೆ. ಅಯ್ಯನವರು ಕೈ ಅಡ್ಡ ಹಿಡಿದರು.

"ಕಲ್ಯಾಣಪ್ಪ, ಎರಡ ವರ್ಷ ಹೇಳೀನಿ."

"ಆಕಿ ಹಾರಿಲ್ರಿ ಅಯ್ಯನವರ. ಸೇಂದಿ ತರ್ಲಾಕ ಹೋಗಿದ್ದಳು. ಬರೂ ಮುಂದ ಕಾಲ ಜಾರ್ಯದ."

ಅಯ್ಯನವರು ನನ್ನ ಮುಖ ನೋಡಿದರು. "ಏನ ಹೇಳಾಕತ್ತೀ ಅಂತ ಖಬರ ಅದ ನಿನಗ? ಸೇಂದಿ ಅಂದಿ."

"ಸೇಂದಿ ಅಂದ್ನಿ. ಈ ಎಲಿಯಾಗ ಇರೂದೂ ಅದರಲೇ ಉಬ್ಬ್ಯದ. ನಾನೇ ತಂದೀನಿ, ಹಾಡಹಗಲ."

ಭಾವಬಂದರಲ್ಲಿ ನಾಲ್ಕೈದು ಜನ ಎದ್ದು ಚಪ್ಪಲಿ ಮೆಟ್ಟಿದರು. ಮುಧೋಳದ ನನ್ನ ದೊಡ್ಡಪ್ಪನ ಮಗ ಹಣಮಂತರಾಯ ಅಂಗಳದಲ್ಲಿ ನಿಂತು, "ಊರಿಗೆಲ್ಲ ಬುದ್ಧಿ ಹೇಳಿದವನ ಮನ್ಯಾಗ ಹಿರೇರಿಗಿ ಸೇಂದಿ ಎಡಿ ನೋಡ್ರಪಾ" ಎಂದು ಕೂಗಿ ಹೋದ. ಹೋಗಲಿ. ಅಯ್ಯನವರು ಮಾತ್ರ ಕುಳಿತೇ ಇದ್ದರು. ನಿಮ್ಮ ಕಾಗದ ಓದಿ ಹೇಳಿದೆ. ಸೋಸಿದ ಮೈದಾ, ಆರಿಸಿದ ಸಕ್ಕರೆಯ ಮಾತು ಬಂದಾಗ ಕಣ್ಣು ಮುಚ್ಚಿದರು. ಕಡೆಗೆ, "ಸಾಯಾಕ ಹೋಗಾಕಿ ಸಕ್ರಿ ಆರಸಿ ಇಡಂಗಿಲ್ಲ" ಎಂದರು. "ಸೇಂದಿ ಮುಟ್ಟಿದವರಿಗಿ ಎಡಿ ಇಲ್ಲ ಅನ್ನೂದಾದ್ರ ಅರ್ಧ ಊರಿನ ಹಿರೇರು ಉಪಾಸ ಬೀಳ್ತಾರ. ಹಾಕ್ರಿ." ತಾವು ಅದನ್ನು ತಿನ್ನಲಿಲ್ಲ, ಆದರೆ ವಿಭೂತಿ ಹಚ್ಚಿ ಅವಳ ಹೆಸರು ಹಿಡಿದರು. ಗುರುದೇವಿ ಅವರ ಜೊತೆಗೆ ಹೆಸರು ಹೇಳಿದಳು. ಸತ್ತವರ ಸಾಲಿನಲ್ಲಿ ಮಗಳ ಹೆಸರನ್ನು ಅವಳು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಆಮೇಲೆ ಆ ಎಲೆಯಿಂದ ಒಂದನ್ನು ತೆಗೆದುಕೊಂಡು ಪೂರ್ತಿ ತಿಂದಳು. ಈಗ ರೊಟ್ಟಿ ತಿನ್ನುತ್ತಿದ್ದಾಳೆ. ಸಂಜೆ ಅವಳಿಗೆ ಯಾರೂ ಕಾಣುವುದಿಲ್ಲ.

ಇಲ್ಲಿಗೆ ಮುಗಿಸಬೇಕಿತ್ತು. ಮುಗಿಸಲು ಆಗುತ್ತಿಲ್ಲ.

ಗಡಿಗೆ ನೆಟ್ಟಗೆ ಕೂತಿತ್ತು ಎಂದು ಬರೆಸಿದ್ದೀರಿ. ಬಾಯಿಗೆ ಬಟ್ಟೆ ಕಟ್ಟಿತ್ತು ಎಂದಿದ್ದೀರಿ. ಎಡೆಯ ದಿನ ಓದುವಾಗ ಆ ಸಾಲು ನನ್ನ ನಾಲಿಗೆಗೆ ತೊಡರಿತು, ಬೇರೆ ಯಾರೂ ಗಮನಿಸಲಿಲ್ಲ. ಕಾಲು ಜಾರಿದವರ ಕೈಯ ಗಡಿಗೆ ಒಡೆಯುತ್ತದೆ. ಒಡೆಯದಿದ್ದರೆ ಉರುಳುತ್ತದೆ. ಇದು ಜೋಪಾನವಾಗಿ ಕೆಳಗೆ ಇಟ್ಟ ಗಡಿಗೆ. ಗಡಿಗೆ ಇಟ್ಟು ಅವಳು ನೀರಿನ ಕಡೆ ಹೋದಳು. ಯಾಕೆ?

ಎಲ್ಲರ ಮುಂದೆ ಕಾಲು ಜಾರಿದಳು ಎಂದು ಹೇಳಿದವನು ನಾನು. ಸಂಜೆ ಬಾಗಿಲ ಕಡೆ ನೋಡುವವನು ಈಗ ನಾನೊಬ್ಬನೇ. ನಿಮಗೆ ಗೊತ್ತಿದ್ದರೆ ತಿಳಿಸಿರಿ. ನನ್ನ ಪರವಾಗಿ ತೂಗಬೇಡಿರಿ.

ನಿಮ್ಮ ಅಣ್ಣ
ಕಲ್ಯಾಣಪ್ಪ


ಶಹಾಬಾದ
೩೦ ಅಕ್ಟೋಬರ್ ೧೯೫೩

ಅಣ್ಣನವರಿಗೆ ಸಲಾಂ.

ಇದನ್ನು ನೀವು ಕೇಳದಿರಲಿ ಎಂದು ದುವಾ ಮಾಡಿದ್ದೆ. ತೂಗಬೇಡ ಎಂದಿದ್ದೀರಿ. ತೂಗದೆ ಹೇಳುತ್ತೇನೆ.

ಕೈಕಾಲು ತೊಳೆಯಲು ಇಳಿದಳು. ನಾನು ಕಣ್ಣಾರೆ ನೋಡಿಲ್ಲ. ಆದರೆ ಅವಳ ಚಪ್ಪಲಿ ಗಡಿಗೆಯ ಪಕ್ಕದಲ್ಲಿ ಜೋಡಿಸಿ ಬಿಟ್ಟಿತ್ತು, ನೀರಿನ ಅಂಚಿನ ಕಲ್ಲಿನ ಪಾಚಿಯ ಮೇಲೆ ಹಿಮ್ಮಡಿ ಜಾರಿದ ಗೆರೆ ಇತ್ತು. ಅವಳು ಯಾವಾಗಲೂ ಹಾಗೆಯೇ. ನಾನು ಸೇಂದಿ ತಂದ ದಿನವೂ ಹಿಟ್ಟು ಕಲೆಸಿ ಆದ ಮೇಲೆ ಮೊಣಕೈವರೆಗೆ ತಿಕ್ಕಿ, ಕಾಲು ತೊಳೆದೇ ತನ್ನ ಮನೆಯ ಒಳಗೆ ಹೋಗುತ್ತಿದ್ದಳು. ಆ ದಿನ ಗಡಿಗೆ ನನ್ನ ಬಾಗಿಲಲ್ಲಿ ಇಟ್ಟು ನೇರ ತನ್ನ ಮನೆಗೆ ಹೋಗುವವಳು. ಮನೆಯ ಮುಂದಿನ ನಲ್ಲಿಯಲ್ಲಿ ತೊಳೆದರೆ, ಇಷ್ಟು ಮುಂಜಾನೆ ಯಾಕೆ ಎಂದು ಅತ್ತೆ ಕೇಳುತ್ತಾಳೆ. ದಾರಿಯಲ್ಲಿ ನೀರಿತ್ತು.

ಒಮ್ಮೆ ನಾನು ಚೇಷ್ಟೆ ಮಾಡಿದ್ದೆ. "ಏನ ಹುಡುಗಿ, ಹಿಟ್ಟಿಗಿ ಹಾಕಿದ್ದು ಹೊಟ್ಟ್ಯಾಗ ಹೋಗ್ತದ, ಕೈಗಿ ಹತ್ತಿದ್ದಕ್ಕ ಇಷ್ಟ ತಿಕ್ತಿ?" ಅವಳು ಹೇಳಿದ್ದು ಅಕ್ಷರಶಃ ನೆನಪಿದೆ. "ನಮ್ಮಪ್ಪ ತನ್ನ ಸಾಲಿ ಬಾಗಲಿಗಿ ಬರಸ್ಯಾನಕ್ಕ, ಸೇಂದಿ ಮುಟ್ಟಿದವರು ಕೈಕಾಲು ತೊಳೀದ ಹೊಸ್ತಿಲ ದಾಟಬಾರದು ಅಂತ. ಅಪ್ಪ ನನ್ನ ಕಂಕುಳಾಗ ಎತ್ಕೊಂಡು ಅದರ ಮ್ಯಾಲ ಬೆರಳಿಟ್ಟು ಓದಸ್ತಿದ್ದ. ನಾ ಅಕ್ಷರ ಕಲ್ತದ್ದೇ ಅದರಲೇ."

ನಜಮುನ್ನೀಸಾ ಇದನ್ನು ಬರೆಯಲು ಒಪ್ಪಲಿಲ್ಲ. ನಾನೇ ಒತ್ತಾಯ ಮಾಡಿ ಬರೆಸಿದೆ.

ಅವಳು ಹಾರಿಲ್ಲ ಅಣ್ಣಾ. ಅದನ್ನು ಹಿಡಿದುಕೊಳ್ಳಿ.

ಲತೀಫಾ


ಶಹಾಬಾದ
೧೦ ಡಿಸೆಂಬರ್ ೧೯೫೩

ಅಣ್ಣನವರಿಗೆ ಸಲಾಂ. ನಿಮ್ಮ ಕಾಗದ ಬರಲಿಲ್ಲ. ಇನ್ನೊಂದು ಬರೆಸಿದ್ದೆ, ಅದಕ್ಕೂ ಬರಲಿಲ್ಲ. ತಾಯಿಯವರು ಹೇಗಿದ್ದಾರೆ, ಒಂದು ಸಾಲು ಸಾಕು.

ಲತೀಫಾ


ಸೇಡಂ
೧೪ ಜನವರಿ ೧೯೫೪

ತಂಗಿ ಲತೀಫಾ,

ನಿಮ್ಮ ಮೂರೂ ಕಾಗದ ತಲುಪಿವೆ. ನಿಮ್ಮ ಮೇಲೆ ಸಿಟ್ಟಿಲ್ಲ. ಬರೆಯಲು ಕೂತರೆ ನನ್ನ ಅಕ್ಷರ ನೋಡಲು ನನಗೇ ಆಗುತ್ತಿರಲಿಲ್ಲ.

ಗುರುದೇವಿ ಚೆನ್ನಾಗಿದ್ದಾಳೆ. ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋಗಿ ಬಂದಳು, ಮೈ ತುಂಬಿಕೊಂಡಿದೆ. ಮನೆಯಲ್ಲಿ ಯಾರೂ ಬಂದು ನಿಲ್ಲುವುದಿಲ್ಲ. ನನಗೆ ಮಾತ್ರ, ಯಾರೂ ಹಿತ್ತಲಲ್ಲಿ ಇಲ್ಲದಾಗ, ಕೈ ತೊಳೆಯುವ ನೀರಿನ ಸದ್ದು ಕೇಳಿಸುತ್ತದೆ. ಬಹಳ ಹೊತ್ತು ತೊಳೆಯುತ್ತಾಳೆ.

ನಿಮ್ಮ ಅಕ್ಟೋಬರಿನ ಕಾಗದವನ್ನು ಗುರುದೇವಿಗೆ ಓದಿ ಹೇಳಿರಲಿಲ್ಲ. ಇವತ್ತು ಸಂಕ್ರಮಣದ ಎಳ್ಳು ಹಚ್ಚಿಕೊಂಡು ಸ್ನಾನ ಮಾಡಿ ಕುಳಿತಾಗ ತಾನೇ ಕೇಳಿದಳು, ಲತೀಫಾ ಏನು ಬರೆಸಿದ್ದಾಳೆ ಎಂದು. ಕಾಗದ ತೆಗೆದು ಮೊದಲ ಅರ್ಧ ಓದಿದೆ. ಶಾಲೆಯ ಬಾಗಿಲಿನ ಮಾತು ಬರುವಲ್ಲಿ ಮಡಚಿಟ್ಟೆ. ಸೇಂದಿ ಮುಟ್ಟಿದ್ದಳಲ್ಲ, ಕೈಕಾಲು ತೊಳೆಯಲು ನೀರಿಗೆ ಇಳಿದಳಂತೆ, ಪಾಚಿ ಇತ್ತಂತೆ ಎಂದೆ.

ಯಾಕೆ ತೊಳೆಯಬೇಕಿತ್ತು ಎಂದು ಅವಳು ಕೇಳಬಹುದೆಂದು ಕಾದೆ. ಕೇಳಲಿಲ್ಲ. ಕಣ್ಣೊರೆಸಿಕೊಂಡಳು. ಮುಖದಲ್ಲಿ ಬಹಳ ದಿನದ ಮೇಲೆ ಒಂದು ಬಗೆಯ ಹೆಮ್ಮೆ ಬಂತು. ನನ್ನ ಮೊಣಕಾಲ ಮೇಲೆ ಕೈಯಿಟ್ಟು ಹೇಳಿದಳು:

"ತೊಳೀದ ಬರಾಕಿ ಅಲ್ರಿ ಆಕಿ. ಯಾರ ಮಗಳು!"

ಕಲ್ಯಾಣಪ್ಪ